ಕೋವಿ ಕೆಳಗಿಡುವ ಹೊತ್ತು



ಒಂದೇ ವಸ್ತುವಿಗೆ ನಾಲ್ಕು ಹೆಸರು ಇರುವುದು ಗಡಿನಾಡಿನವರಾದ ನಮಗೆ ಹೊಸತಲ್ಲ. ಕನ್ನಡದಲ್ಲಿ ನಾವು ಕೋವಿ ಎನ್ನುತ್ತೇವೆ. ತುಳುವಿನಲ್ಲಿ ಅದು ಬೆಡಿ. ಮಲೆಯಾಳದಲ್ಲಿ ತೋಕ್ಕ್. ಪಾಣತ್ತೂರಿನಿಂದ ಕರಿಕೆಯ ದಾರಿ ಹಿಡಿದು ಘಟ್ಟ ಹತ್ತಿದರೆ, ಕೊಡವರ ಮಾತಿನಲ್ಲಿ ಅದು ತೋಕ್. ಹೆಸರು ಯಾವುದಾದರೂ ಇರಲಿ, ಕಾಸರಗೋಡಿನ ಅಡಕೆ ತೋಟದ ಮನೆಗಳಲ್ಲಿ, ವಯನಾಡಿನ ಕಾಫಿ ತೋಟದ ಮನೆಗಳಲ್ಲಿ ಅದನ್ನು ಒಂದು ಕಾಲದಿಂದ ಗೌರವದಿಂದ ಕಂಡವರಿದ್ದಾರೆ. ಆ ಕೋವಿಯನ್ನು ಹಿಡಿದು ತೆಂಗಿನಕಾಯಿಗೆ ಗುರಿ ಇಡುತ್ತ, ಸ್ಪರ್ಧೆಗಳಿಗೆ ಹೋಗುತ್ತ ತಲೆ ನರೆತ ಹಿರಿಯರೂ ನಮ್ಮಲ್ಲಿ ಇದ್ದಾರೆ. ನಾನೂ ಅರುವತ್ತು ದಾಟಿದವನೇ. ಇಂಥವರನ್ನು ಒಂದು ಪ್ರಶ್ನೆ ಒಳಗಿಂದೊಳಗೆ ಕಾಡುತ್ತದೆ. ಅದನ್ನು ಬಾಯಿ ಬಿಟ್ಟು ಕೇಳುವವರು ಕಡಿಮೆ. ಈ ಆಟವನ್ನು ಯಾವಾಗ ಬಿಡಬೇಕು? ಇವತ್ತಿನ ಮಾತು ಅದರ ಬಗ್ಗೆ.

ಕೋವಿ ಹಿಡಿಯುವುದಕ್ಕೆ ನಮ್ಮ ಸೀಮೆಯಲ್ಲಿ ಸಂಪ್ರದಾಯ ಉಂಟು. ನೆರೆಯ ಕೊಡಗನ್ನೇ ನೋಡಿ. ಅಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುವ ರೂಢಿ. ಮನೆಯಲ್ಲಿ ಸಾವಾದರೆ ಎರಡು ಗುಂಡು. ಗದ್ದೆ ನಾಟಿಯ ಕೆಲಸ ಮುಗಿದು ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್‌ಪೋದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ತೊಳೆದು ಒರೆಸಿ, ತೋಕ್ ಪೂ ಎನ್ನುವ ಕೆಂಪು ಹಳದಿ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಆಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಹೀಗೆ ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು, ಹಬ್ಬಕ್ಕೆ ಒಂದು ಪೂಜೆ ಇದೆ. ಆದರೆ ಒಬ್ಬ ಹಿರಿಯ ಬದುಕಿರುವಾಗಲೇ ‘ಇನ್ನು ಸಾಕು’ ಎಂದು ಕೋವಿಯನ್ನು ಕೆಳಗಿಡುವ ದಿನಕ್ಕೆ ಯಾವ ಕ್ರಮವೂ ಇಲ್ಲ. ಆದ್ದರಿಂದ ಆ ದಿನವನ್ನು ಎಷ್ಟೋ ಮಂದಿ ಮುಂದೂಡುತ್ತಲೇ ಹೋಗುತ್ತಾರೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ವಯಸ್ಸಿನ ಲೆಕ್ಕ ಮಾತ್ರದಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಓಟ, ಕುಸ್ತಿ, ಕಬಡ್ಡಿಗಳಲ್ಲಿ ಮೂವತ್ತೈದಕ್ಕೆ ಮುದುಕರಾಗುವವರು ಗುರಿಯ ಆಟದಲ್ಲಿ ಇನ್ನೂ ಹುಡುಗರೇ. ಸ್ವೀಡನ್ ದೇಶದ ಆಸ್ಕರ್ ಸ್ವಾನ್ ಅವರು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಪಡೆದಾಗ ಅವರಿಗೆ 64 ವರ್ಷ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ತಮ್ಮ ತಂಡದೊಡನೆ ಬೆಳ್ಳಿ ಪಡೆದಾಗ 72 ವರ್ಷ. ಒಲಿಂಪಿಕ್ಸ್‌ನ ಕ್ರೀಡಾಸ್ಪರ್ಧೆಗಳಲ್ಲಿ ಅಷ್ಟು ವಯಸ್ಸಾದವರು ಪದಕ ಪಡೆದದ್ದು ಇಂದಿನವರೆಗೂ ಬೇರೆ ಇಲ್ಲ. ಜಾರ್ಜಿಯಾ ದೇಶದ ನಿನೊ ಸಲುಕ್ವಾಡ್ಜೆ ಎಂಬ ಮಹಿಳೆ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಪಿಸ್ತೂಲು ಹಿಡಿದು ನಿಂತರು. ಅದು ಅವರ ಹತ್ತನೆಯ ಒಲಿಂಪಿಕ್ಸ್, ವಯಸ್ಸು 55.

ದೂರದ ಮಾತು ಯಾಕೆ? ನಮ್ಮ ದೇಶದಲ್ಲೇ, ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೊಹ್ರಿ ಎಂಬ ಹಳ್ಳಿಯಲ್ಲಿ ಚಂದ್ರೋ ತೋಮರ್ ಎಂಬ ಅಜ್ಜಿ ಇದ್ದರು. ಮೊಮ್ಮಗಳನ್ನು ಗುರಿ ಕಲಿಸುವ ಶಾಲೆಗೆ ಕರೆದುಕೊಂಡು ಹೋದವರು, ತಾವೇ ಪಿಸ್ತೂಲು ಎತ್ತಿಕೊಂಡರು. ಅದು 1999ರ ಮಾತು. ಆಗಲೇ ಅವರು ಅರುವತ್ತು ದಾಟಿದವರು. ಹಿರಿಯರ ಸ್ಪರ್ಧೆಗಳಲ್ಲಿ ಪದಕದ ಮೇಲೆ ಪದಕ ಗೆದ್ದರು. ಅವರ ಓರಗಿತ್ತಿ ಪ್ರಕಾಶಿ ತೋಮರ್ ಕೂಡ ಜತೆಯಾದರು. 2019ರಲ್ಲಿ ಇವರಿಬ್ಬರ ಕಥೆ ಹಿಂದಿ ಚಲನಚಿತ್ರವಾಯಿತು. ಚಂದ್ರೋ ತೋಮರ್ ಅವರು 2021ರಲ್ಲಿ ಕೊರೋನಾ ರೋಗಕ್ಕೆ ತುತ್ತಾಗಿ ತೀರಿಕೊಂಡರು. ಬೇರೆಯವರು ಊರುಗೋಲು ಹಿಡಿಯುವ ಪ್ರಾಯದಲ್ಲಿ ಅವರು ಪಿಸ್ತೂಲು ಹಿಡಿಯಲು ಕಲಿತರು. ಆದ್ದರಿಂದ ‘ಅರುವತ್ತಾಯಿತು, ಇನ್ನು ನಿಮಗೆ ಯಾಕೆ ಕೋವಿ?’ ಎಂದು ಯಾರಾದರೂ ಕೇಳಿದರೆ ಸುಮ್ಮನೆ ತಲೆತಗ್ಗಿಸಬೇಕಾಗಿಲ್ಲ.

ಹಾಗಾದರೆ ಏನನ್ನು ನೋಡಿ ನಿರ್ಧರಿಸಬೇಕು? ನನ್ನ ಮುಖ್ಯ ಮಾತು ಇಷ್ಟೇ. ವಯಸ್ಸಾದಂತೆ ಎರಡು ಬೇರೆ ಬೇರೆ ನಷ್ಟಗಳು ಆಗುತ್ತವೆ. ಒಂದು, ಗುರಿ ತಪ್ಪುವುದು. ಇನ್ನೊಂದು, ಎಚ್ಚರ ತಪ್ಪುವುದು. ಗುರಿ ತಪ್ಪಿದರೆ ಹೋಗುವುದು ಅಂಕ ಮಾತ್ರ. ಎಚ್ಚರ ತಪ್ಪಿದರೆ ಒಂದು ಜೀವ ಹೋಗಬಹುದು. ಹಿರಿಯರಲ್ಲಿ ಹೆಚ್ಚಿನವರು ಮೊದಲನೆಯದಕ್ಕೆ ಹೆದರಿ, ನಾಚಿಕೊಂಡು ಆಟ ಬಿಡುತ್ತಾರೆ. ಎರಡನೆಯದನ್ನು ಗಮನಿಸುವುದೇ ಇಲ್ಲ. ಆಗಬೇಕಾದದ್ದು ಇದಕ್ಕೆ ತಿರುಗಾಮುರುಗಾ. ಕಾಯಿ ಒಡೆಯಲಿಲ್ಲ ಎಂದು ಬಿಡಬೇಡಿ. ತೋಟೆ ತುಂಬಿದ್ದೇನೋ ಇಲ್ಲವೋ ಎಂದು ನೆನಪಾಗದಿದ್ದರೆ ಆ ದಿನವೇ ಬಿಡಿ.

ಈಗ ಒಂದೊಂದಾಗಿ ನೋಡೋಣ. ಮೊದಲು ಕಣ್ಣು.

ನಲುವತ್ತರ ನಂತರ ಕಣ್ಣಿನೊಳಗಿನ ಮಸೂರ ಗಟ್ಟಿಯಾಗುತ್ತ ಬರುತ್ತದೆ. ಹತ್ತಿರದ್ದು ಮಸುಕು, ದೂರದ್ದು ಸ್ಪಷ್ಟ. ಪತ್ರಿಕೆಯನ್ನು ಕೈ ಚಾಚಿ ಹಿಡಿದು ಓದುವುದು ಇದರಿಂದಲೇ. ಗುರಿ ಇಡುವವನಿಗೆ ಇದರ ಪೆಟ್ಟು ಬೇರೆ ರೀತಿ ಬೀಳುತ್ತದೆ. ನಳಿಗೆಯ ತುದಿಯ ಸಣ್ಣ ಮಣಿ ಮತ್ತು ದೂರದ ಗುರಿ, ಇವೆರಡನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ಕಾಣುವುದು ಯಾವ ಕಣ್ಣಿಗೂ ಸಾಧ್ಯವಿಲ್ಲ. ಎಳೆಯ ಕಣ್ಣು ಇಲ್ಲಿಂದ ಅಲ್ಲಿಗೆ ಚಕಚಕನೆ ಓಡಾಡಿ ಕೊರತೆಯನ್ನು ಮುಚ್ಚಿಕೊಳ್ಳುತ್ತದೆ. ಹಳೆಯ ಕಣ್ಣಿಗೆ ಆ ಓಡಾಟ ಆಗದು. ಮಣಿ ಮಸುಕಾಗುತ್ತದೆ, ಎರಡಾಗಿ ಕಾಣುತ್ತದೆ. ಇದು ಆಟ ಬಿಡುವುದಕ್ಕೆ ಕಾರಣವಲ್ಲ. ಕಣ್ಣಿನ ವೈದ್ಯರಿಗೆ ‘ನನಗೆ ಇಷ್ಟು ದೂರದ ವಸ್ತು ಸ್ಪಷ್ಟವಾಗಿ ಕಾಣಬೇಕು’ ಎಂದು ಮಣಿಯವರೆಗಿನ ದೂರವನ್ನು ಅಳೆದು ಹೇಳಿದರೆ ಅದಕ್ಕೆ ಸರಿಯಾದ ಕನ್ನಡಕ ಕೊಡುತ್ತಾರೆ. ಕಣ್ಣಿನ ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತದೆ. ಆದರೆ ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರ ಒಪ್ಪಿಗೆಯಿಲ್ಲದೆ, ಭುಜಕ್ಕೆ ಒದೆಯುವ ಕೋವಿಯನ್ನು ಎತ್ತಬೇಡಿ.

ನಿಜವಾಗಿ ಹೆದರಬೇಕಾದದ್ದು ಗ್ಲಾಕೋಮಾಕ್ಕೆ. ಸಾಮಾನ್ಯವಾಗಿ ಅದರಲ್ಲಿ ನೋವಿಲ್ಲ, ಕೆಂಪಿಲ್ಲ. ನೇರ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ಪಕ್ಕದ ದೃಷ್ಟಿ ಮಾತ್ರ ಮೆಲ್ಲಮೆಲ್ಲನೆ ಮಾಯವಾಗುತ್ತದೆ. ಕಾಯಿ ಕಾಣುತ್ತದೆ, ಪಕ್ಕದಿಂದ ಓಡಿ ಬರುವ ಮಗು ಕಾಣುವುದಿಲ್ಲ. ನಲುವತ್ತು ದಾಟಿದವರು, ಅದರಲ್ಲೂ ಮನೆತನದಲ್ಲಿ ಯಾರಿಗಾದರೂ ಈ ರೋಗ ಇದ್ದವರು, ಕಣ್ಣಿನ ಒತ್ತಡವನ್ನೂ ಪಕ್ಕದ ದೃಷ್ಟಿಯನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪಕ್ಕದ ದೃಷ್ಟಿ ಹೋಗಿದೆ ಎಂದು ವೈದ್ಯರು ಹೇಳಿದರೆ, ಜನ ಸೇರುವ ಬಯಲಿನ ಪಂದ್ಯಕ್ಕೆ ಅಲ್ಲಿಗೆ ಮುಕ್ತಾಯ.

ಎರಡನೆಯದು ಕೈ ಮತ್ತು ಮೈ. ಕೈ ನಡುಗುವುದಕ್ಕೆ ಕಾರಣ ಹಲವು. ಬರಿಹೊಟ್ಟೆಯಲ್ಲಿ ಕುಡಿದ ಎರಡು ಲೋಟ ಕಾಫಿಯಿಂದ ನಡುಗಬಹುದು. ಉಬ್ಬಸಕ್ಕೆ ತೆಗೆದುಕೊಳ್ಳುವ ಔಷಧಿಯಿಂದ, ಥೈರಾಯ್ಡ್ ತೊಂದರೆಯಿಂದ, ಪಾರ್ಕಿನ್ಸನ್ ರೋಗದಿಂದ, ಇಲ್ಲವೇ ಅಪ್ಪನಿಂದ ಮಗನಿಗೆ ಬರುವ ಮನೆತನದ ನಡುಕದಿಂದಲೂ ಇರಬಹುದು. ಕಾರಣ ತಿಳಿಯದೆ ‘ಪ್ರಾಯದ ನಡುಕ’ ಎಂದು ತಳ್ಳಿಹಾಕಬಾರದು. ಕೆಲವು ಕಾರಣಗಳಿಗೆ ಮದ್ದಿದೆ.

ಮದ್ದಿನ ವಿಷಯದಲ್ಲಿ ಸ್ಪರ್ಧೆಗೆ ಹೋಗುವವರು ಒಂದು ಸಂಗತಿ ತಿಳಿದಿರಬೇಕು. ರಕ್ತದೊತ್ತಡಕ್ಕೆ, ಹೃದಯದ ತೊಂದರೆಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಮೊದಲಾದ ಮಾತ್ರೆಗಳು ಎದೆಬಡಿತವನ್ನು ನಿಧಾನಗೊಳಿಸುತ್ತವೆ, ಕೈಯ ನಡುಕವನ್ನು ತಗ್ಗಿಸುತ್ತವೆ. ಆದ್ದರಿಂದಲೇ ಶೂಟಿಂಗ್ ಸ್ಪರ್ಧೆಗಳಲ್ಲಿ ಅವು ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೋಂಗ್ ಸು ಅವರು ಇಂಥ ಮಾತ್ರೆ ಸೇವಿಸಿದ್ದರೆಂದು ಎರಡು ಪದಕಗಳನ್ನು ಹಿಂದೆ ಕೊಡಬೇಕಾಯಿತು. ನಿಮ್ಮ ಊರಿನ ತೆಂಗಿನಕಾಯಿ ಪಂದ್ಯದಲ್ಲಿ ಯಾರೂ ಮೂತ್ರ ಪರೀಕ್ಷೆ ಮಾಡಲಾರರು. ಆದರೆ ನಿಯಮಬದ್ಧ ಸ್ಪರ್ಧೆಗೆ ಹೋಗುವ ಆಸೆಯಿಂದ ಹೃದಯದ ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಮಾತ್ರ ಸಲ್ಲದು. ಪದಕಕ್ಕೋಸ್ಕರ ಪ್ರಾಣವನ್ನು ಪಣಕ್ಕಿಡುವಷ್ಟು ದೊಡ್ಡ ಆಟ ಯಾವುದೂ ಇಲ್ಲ.

ಇನ್ನು ಕೋವಿಯ ಒದೆತ. ಹನ್ನೆರಡು ಬೋರಿನ ಕೋವಿ ಭುಜಕ್ಕೆ ಕೊಡುವ ಪೆಟ್ಟು ಪ್ರಾಯದಲ್ಲಿ ತಮಾಷೆ. ಎಪ್ಪತ್ತರಲ್ಲಿ ಅದೇ ಪೆಟ್ಟು ಭುಜದ ಸ್ನಾಯುವನ್ನು ಹರಿಯಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಕೋವಿ ಎತ್ತಲೇಬಾರದು. ಸಾಮಾನ್ಯವಾಗಿ ಅದನ್ನು ಎಡ ಎದೆಯ ಮೇಲ್ಭಾಗದಲ್ಲಿ ಇಡುತ್ತಾರೆ. ಎಡಗೈಯಿಂದ ಹೊಡೆಯುವವರಾದರೆ ಕೋವಿಯ ಹಿಂಬದಿ ಬಂದು ಅಪ್ಪಳಿಸುವುದು ಅಲ್ಲಿಗೇ.

ಮೂರನೆಯದು ಕಿವಿ. ಕೋವಿಯ ಸದ್ದು 140 ಡೆಸಿಬೆಲ್‌ಗಿಂತ ಮೇಲೆ. ಕಿವಿಗೆ ಏನೂ ಇಟ್ಟುಕೊಳ್ಳದೆ ಮೂವತ್ತು ವರ್ಷ ಹೊಡೆದವರಿಗೆ ಕಿವಿ ಮಂದವಾಗಿರುವುದು ಆಶ್ಚರ್ಯವಲ್ಲ. ಬಲಗೈಯವರಿಗೆ ಎಡಕಿವಿ ಮೊದಲು ಹೋಗುತ್ತದೆ, ಅದು ನಳಿಗೆಯ ಬಾಯಿಗೆ ಹತ್ತಿರ. ಮಾತು ಕೇಳಿಸದಿದ್ದರೆ ಮನೆಯಲ್ಲಿ ಜಗಳ ಮಾತ್ರ. ಆದರೆ ಗುರಿಯ ಕಣದಲ್ಲಿ ‘ನಿಲ್ಲಿಸಿ’ ಎಂಬ ಕೂಗು ಕೇಳಿಸದಿದ್ದರೆ, ಕಾಯಿ ಬದಲಿಸಲು ಯಾರೋ ಮರದ ಕಡೆಗೆ ನಡೆಯುತ್ತಿರುವಾಗ ನೀವು ಟ್ರಿಗರಿನ ಮೇಲೆ ಬೆರಳಿಟ್ಟಿರುತ್ತೀರಿ. ಕಿವಿ ಮಂದವಾದವರು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಅವರು ಭುಜ ಮುಟ್ಟಿ ಹೇಳಿದ ಮೇಲೆಯೇ ಹೊಡೆಯುವ, ಭುಜ ಮುಟ್ಟಿದರೆ ನಿಲ್ಲಿಸುವ ಪದ್ಧತಿ ಇಟ್ಟುಕೊಳ್ಳಬೇಕು. ಅದಕ್ಕೆ ಅಭಿಮಾನ ಅಡ್ಡ ಬಂದರೆ ಕಣಕ್ಕೆ ಇಳಿಯಬಾರದು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಮನಸ್ಸಿನ ಎಚ್ಚರ. ಕೋವಿ ಹಿಡಿದವರೆಲ್ಲ ಕಲಿತ ನಾಲ್ಕು ನಿಯಮಗಳುಂಟು. ಎಲ್ಲ ಕೋವಿಯೂ ತುಂಬಿದ ಕೋವಿ ಎಂದೇ ತಿಳಿ. ನಳಿಗೆಯ ಬಾಯಿಯನ್ನು ಜೀವದ ಕಡೆಗೆ ತಿರುಗಿಸಬೇಡ. ಹೊಡೆಯುವ ಕ್ಷಣದವರೆಗೆ ಟ್ರಿಗರಿಗೆ ಬೆರಳು ಹಾಕಬೇಡ. ಗುರಿಯ ಹಿಂದೆ ಏನಿದೆ ಎಂದು ನೋಡು. ಇವು ತಲೆಯಲ್ಲಿ ಇರುವ ಪಾಠಗಳಲ್ಲ, ಕೈಗೆ ಅಂಟಿದ ಅಭ್ಯಾಸಗಳು. ಕೈಗೆ ಅಂಟಿದ್ದು ಕಳಚಲು ಶುರುವಾದರೆ ಅದೇ ಸೂಚನೆ.

ಸೂಚನೆಗಳನ್ನು ಬಿಡಿಸಿ ಹೇಳುತ್ತೇನೆ, ಗಮನವಿಟ್ಟು ಕೇಳಿ. ಕೋವಿಯನ್ನು ಮನೆಗೆ ತಂದು ನೋಡುವಾಗ ಒಳಗೆ ತೋಟೆ ಉಳಿದಿರುವುದು. ತೋಟೆಗಳನ್ನು ಎಲ್ಲಿಟ್ಟೆನೆಂದು ಹುಡುಕುವುದು. ಮಾತನಾಡುತ್ತ ತಿರುಗಿದಾಗ ನಳಿಗೆಯೂ ಜನರ ಕಡೆಗೆ ತಿರುಗುವುದು. ನಿರ್ಧಾರ ಮಾಡುವ ಮೊದಲೇ ಗುಂಡು ಹಾರಿಹೋಗುವುದು. ಹಬ್ಬದ ದಿನ ನಳಿಗೆಯ ಬಾಯಿಗೆ ಸಿಕ್ಕಿಸಿದ ಹೂವನ್ನು ತೆಗೆಯದೆ ಹೊಡೆಯಲು ಹೊರಡುವುದು. ನಳಿಗೆಯಲ್ಲಿ ಏನು ಸಿಕ್ಕಿಕೊಂಡಿದ್ದರೂ ಅದು ಒಡೆದು ಕೈ, ಮುಖ ಹೋಗಬಹುದು. ಯಾರಾದರೂ ಎಚ್ಚರಿಸಿದರೆ ಸಿಟ್ಟು ಬರುವುದು. ಇವುಗಳಲ್ಲಿ ಒಂದು ಕಂಡರೂ ಆ ದಿನದ ಆಟ ಮುಗಿಯಿತು. ಅದೇ ಇನ್ನೊಮ್ಮೆ ಕಂಡರೆ ಆ ಕೋವಿಯ ಆಟವೇ ಮುಗಿಯಿತು. ಇಲ್ಲಿ ‘ಮೂರನೆಯ ಸಲ ನೋಡೋಣ’ ಎನ್ನುವ ಲೆಕ್ಕ ಇಲ್ಲ. ನಳಿಗೆ ಬಿಟ್ಟ ಗುಂಡು ಬಾಯಿ ಬಿಟ್ಟ ಮಾತಿಗಿಂತ ಕಠಿಣ. ಮಾತಿಗಾದರೂ ಕ್ಷಮೆ ಕೇಳಬಹುದು. ಪಾಯಿಂಟ್ ಟೂಟೂ ರೈಫಲಿನ ಬೆರಳುಗುರಿನಷ್ಟು ಗುಂಡು ಕೂಡ ಕಾಯಿಗೆ ತಾಗದೆ ಹೋದರೆ ಒಂದೂವರೆ ಕಿಲೋಮೀಟರಿಗಿಂತಲೂ ದೂರ ಹೋಗಬಲ್ಲುದು. ಅಷ್ಟು ದೂರದಲ್ಲಿ ಯಾರ ಮನೆ, ಯಾರ ತೋಟ ಇದೆಯೆಂದು ಹೊಡೆದವನಿಗೆ ಗೊತ್ತಿರುವುದಿಲ್ಲ.

ಈ ಸೂಚನೆಗಳನ್ನು ನಮಗೆ ನಾವೇ ಕಾಣುವುದು ಕಷ್ಟ. ತನ್ನ ಬೆನ್ನು ತನಗೆ ಕಾಣದು. ಅದಕ್ಕೆ ಎರಡು ಉಪಾಯಗಳಿವೆ. ಒಂದು, ಚಿಕ್ಕ ಪುಸ್ತಕ. ಹೊಡೆದ ದಿನ, ಎಷ್ಟು ಗುಂಡು, ಎಷ್ಟು ತಾಗಿತು, ಕೈ ಹೇಗಿತ್ತು, ಎಚ್ಚರ ತಪ್ಪಿದ್ದು ಉಂಟೇ, ಇಷ್ಟನ್ನು ಬರೆದಿಡಿ. ಎರಡು ವರ್ಷದ ಬರಹವನ್ನು ಒಟ್ಟಿಗೆ ನೋಡಿದಾಗ ಅಕ್ಷರಗಳೇ ಮಾತಾಡುತ್ತವೆ. ಎರಡನೆಯದು, ಒಬ್ಬ ನಂಬಿಕೆಯ ಮನುಷ್ಯ. ಭಾವನೋ, ತಮ್ಮನೋ, ಜತೆಗೆ ಹೊಡೆಯುವ ಹಳೆಯ ಗೆಳೆಯನೋ. ‘ನಾನು ಎಚ್ಚರ ತಪ್ಪುವುದನ್ನು ನೀನು ಕಂಡರೆ ನನಗೆ ಹೇಳಬೇಕು. ಆಗ ನಾನು ವಾದ ಮಾಡುವುದಿಲ್ಲ’ ಎಂದು ಆರೋಗ್ಯ ಚೆನ್ನಾಗಿರುವಾಗಲೇ ಮಾತು ಕೊಡಿ. ಆಮೇಲೆ ಕೊಟ್ಟ ಮಾತಿಗೆ ಬದ್ಧರಾಗಿರಿ.

ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದರಲ್ಲೂ ಒಂದು ಘನತೆ ಇದೆ. 2008ರಲ್ಲಿ ಬೀಜಿಂಗ್‌ನಲ್ಲಿ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರು 2016ರ ರಿಯೋ ಒಲಿಂಪಿಕ್ಸೇ ತಮ್ಮ ಕೊನೆಯ ಸ್ಪರ್ಧೆ ಎಂದು ಮೊದಲೇ ಹೇಳಿದ್ದರು. ಅಲ್ಲಿ ಅವರು ನಾಲ್ಕನೆಯವರಾದರು, ಕೂದಲೆಳೆಯಲ್ಲಿ ಪದಕ ತಪ್ಪಿತು. ‘ಇನ್ನೊಂದು ಸಲ’ ಎಂದು ಹೇಳಲು ಅದಕ್ಕಿಂತ ದೊಡ್ಡ ಆಸೆ ಬೇಕೇ? ಅವರಿಗೆ ಆಗ ಮೂವತ್ತಮೂರೇ ವರ್ಷ. ಆದರೂ ಹೇಳಿದಂತೆ ನಿಲ್ಲಿಸಿದರು.

ಆದರೆ ನಮ್ಮಂಥವರಿಗೆ ಒಂದೇ ಏಟಿಗೆ ಎಲ್ಲವನ್ನೂ ಬಿಡಬೇಕೆಂದಿಲ್ಲ. ಗುಡ್ಡವನ್ನು ಹಾರಿ ಇಳಿಯುವವರಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೇವೆ. ಇದೂ ಹಾಗೆಯೇ.

ಮೊದಲು ಬಿಡಬೇಕಾದದ್ದು ರಾತ್ರಿಯ ಕೋವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೋಜಿನ ಬೇಟೆಗೆ ಎಡೆಯಿಲ್ಲ. ಆದರೆ ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು 2022ರಲ್ಲಿ ಕೇರಳ ಸರ್ಕಾರ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿತು. ಆ ಕೆಲಸಕ್ಕೆ ಬೇಕಾದವರು ಪರವಾನಗಿ ಇರುವ ಕೋವಿಯವರು. ಹಳೆಯ ಕೈ, ಒಳ್ಳೆಯ ಗುರಿ ಎಂದು ಪಂಚಾಯತಿನವರೋ ನೆರೆಯವರೋ ಎಪ್ಪತ್ತರ ಅಜ್ಜನನ್ನೇ ಕರೆದರೆ, ‘ಬರುವುದಿಲ್ಲ’ ಎನ್ನಲು ದಾಕ್ಷಿಣ್ಯ ಆಗುತ್ತದೆ. ಕತ್ತಲು, ಟಾರ್ಚಿನ ಬೆಳಕು, ಓಡುವ ಪ್ರಾಣಿ, ಪೊದೆಯ ಆಚೆ ಹಂದಿಯನ್ನು ಅಟ್ಟುವ ಹುಡುಗರು. ಹಗಲಿನ ಕಾಯಿಗೆ ಸಾಲುವ ಕಣ್ಣು ಈ ಕೆಲಸಕ್ಕೆ ಸಾಲದು. ಇಲ್ಲಿ ದಾಕ್ಷಿಣ್ಯ ಬೇಡ. ‘ಕಣ್ಣು ಮೊದಲಿನಂತಿಲ್ಲ, ಬೇರೆಯವರನ್ನು ನೋಡಿ’ ಎಂದು ಹೇಳಿಬಿಡುವುದು ಊರಿಗೆ ಮಾಡುವ ಉಪಕಾರ.

ಎರಡನೆಯ ಮೆಟ್ಟಿಲಲ್ಲಿ ಭುಜಕ್ಕೆ ಒದೆಯುವ ದೊಡ್ಡ ಕೋವಿಯನ್ನು ಬಿಟ್ಟು ಹಗುರ ಒದೆತದ ಪಾಯಿಂಟ್ ಟೂಟೂ ರೈಫಲಿಗೆ ಬರುವುದು, ಅದೂ ಹಿಂದೆ ಮಣ್ಣಿನ ದಿಬ್ಬ ಇರುವ, ವ್ಯವಸ್ಥೆಯುಳ್ಳ ಕಣದಲ್ಲಿ ಮಾತ್ರ. ಮೂರನೆಯದು ಏರ್ ರೈಫಲ್. 4.5 ಮಿಲಿಮೀಟರಿನ ಸಣ್ಣ ಗುಂಡು, ಹತ್ತು ಮೀಟರ್ ದೂರ. ಇದನ್ನು ಮಕ್ಕಳ ಆಟಿಕೆ ಎಂದು ಹೀಗಳೆಯಬೇಡಿ. ಒಲಿಂಪಿಕ್ಸ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಅರ್ಧ ಮಿಲಿಮೀಟರ್ ಮಾತ್ರ, ರಾಗಿಕಾಳಿಗಿಂತಲೂ ಸಣ್ಣದು. ಕೈ ನಡುಗಿದರೆ ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಆನಿಸಿ ಹೊಡೆಯಬಹುದು. ಉಸಿರಿನ ಲಯ, ಬೆರಳಿನ ಒತ್ತು, ಕಾಯುವ ತಾಳ್ಮೆ, ಎಲ್ಲವೂ ಇದರಲ್ಲಿ ಇದೆ. ಆದರೆ ಇದರ ಗುಂಡೂ ಕಣ್ಣು ತೆಗೆಯುತ್ತದೆ. ನಾಲ್ಕು ನಿಯಮಗಳಿಗೆ ಇಲ್ಲಿಯೂ ರಿಯಾಯಿತಿ ಇಲ್ಲ. ನಾಲ್ಕನೆಯ ಮೆಟ್ಟಿಲು, ಕೋವಿ ಇಲ್ಲದೆ ಕಣದಲ್ಲಿ ಇರುವುದು. ಅಂಕ ಬರೆಯುವವರು, ತೀರ್ಪು ಕೊಡುವವರು, ಹೊಸಬರ ನಿಲುವು ತಿದ್ದುವವರು ಬೇಕೇ ಬೇಕು. ಐವತ್ತು ವರ್ಷ ಒಂದೂ ಅಪಘಾತವಿಲ್ಲದೆ ಕೋವಿ ಹಿಡಿದವನ ಬಾಯಿಯಿಂದ ಬರುವ ‘ಬೆರಳು ತೆಗೆ ಮಗಾ’ ಎಂಬ ಒಂದು ಮಾತಿಗೆ ಪುಸ್ತಕದ ಹತ್ತು ಪುಟದ ತೂಕ ಇದೆ.

ಈಗ ಮನೆಯವರಿಗೆ ಎರಡು ಮಾತು. ಹಿರಿಯರ ಕೋವಿಯನ್ನು ಅವರಿಗೆ ತಿಳಿಯದಂತೆ ಅಡಗಿಸಿಡುವುದು, ಮೊಮ್ಮಕ್ಕಳೆದುರು ‘ಅಜ್ಜನಿಗೆ ಇನ್ನು ಆಗುವುದಿಲ್ಲ’ ಎಂದು ನಗುವುದು, ಇವೆರಡೂ ಬೇಡ. ಹಾಗೆ ಮಾಡಿದರೆ ಅವರು ಹಟ ಹಿಡಿಯುತ್ತಾರೆ. ಒಬ್ಬರೇ ಇರುವಾಗ, ಕಂಡದ್ದನ್ನು ಕಂಡಂತೆ ಹೇಳಿ. ‘ಅಪ್ಪಾ, ಮೊನ್ನೆ ತಿರುಗಿ ನಿಂತಾಗ ನಳಿಗೆ ಚಿಕ್ಕವನ ಕಡೆಗೆ ಇತ್ತು. ನೀವು ನೋಡಲಿಲ್ಲ, ನಾನು ನೋಡಿದೆ.’ ಇಷ್ಟು ಸಾಕು. ವಯಸ್ಸಿನ ಮಾತು ಎತ್ತಬೇಕಾಗಿಲ್ಲ. ಹಿರಿಯರೂ ಅಷ್ಟೇ, ಮಗ ಹೀಗೆ ಹೇಳುವುದಕ್ಕೆ ಎಷ್ಟು ದಿನ ಧೈರ್ಯ ಕೂಡಿಸಿಕೊಂಡಿದ್ದಾನೋ ಎಂದು ಒಂದು ಗಳಿಗೆ ಯೋಚಿಸಬೇಕು.

ಹೇಳಲೇಬೇಕಾದ ಇನ್ನೊಂದು ವಿಷಯ ಉಂಟು. ಹೆಂಡತಿ ತೀರಿಹೋದ ಮೇಲೆ, ದೊಡ್ಡ ಕಾಯಿಲೆ ಬಂದ ಮೇಲೆ, ಮಕ್ಕಳು ದೂರದೂರಿಗೆ ಹೋದ ಮೇಲೆ ಕೆಲವು ಹಿರಿಯರು ಒಳಗೇ ಕುಸಿಯುತ್ತಾರೆ. ಊಟ ಬೇಡ, ನಿದ್ರೆ ಇಲ್ಲ, ‘ಇನ್ನು ಇದ್ದು ಏನಾಗಬೇಕು’ ಎಂಬ ಮಾತು. ಅಂಥ ಮನೆಯಲ್ಲಿ ಕೋವಿ ಇರಬಾರದು. ಕಾನೂನು ಪ್ರಕಾರ ಅದನ್ನು ಬೇರೆಡೆಗೆ ಜಮೆ ಮಾಡಿಸಿ, ಹಿರಿಯರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಮಲೆಯಾಳದಲ್ಲೂ ಮಾತಾಡಬಹುದು.

ಕೊನೆಯದಾಗಿ ಕಾನೂನು. ‘ಅಪ್ಪನ ಕೋವಿ ಮಗನಿಗೆ’ ಎಂದು ಬಾಯಿಮಾತಿನಲ್ಲಿ ಕೊಟ್ಟುಬಿಡುವಂತಿಲ್ಲ. ಪರವಾನಗಿ ವ್ಯಕ್ತಿಗೆ ಸೇರಿದ್ದು. ಪರವಾನಗಿ ಇಲ್ಲದ ಮಗನ ಕೈಯಲ್ಲಿ ಆ ಕೋವಿ ಇದ್ದರೆ ಅದು ಅಪರಾಧ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಹಿರಿಯರಿಗೆ ಒಂದು ಒಳ್ಳೆಯ ದಾರಿ ಇದೆ. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ, ಇಲ್ಲವೇ ಆ ಕೋವಿ ಅವರ ಕೈಗೆ ಬಂದು 25 ವರ್ಷವಾದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ತಾವು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಬಹುದು. ಆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಿ ಅರ್ಜಿ ಹಾಕಬೇಕು. ಅರ್ಹತೆ, ವೈದ್ಯರ ಪ್ರಮಾಣಪತ್ರ, ಪೊಲೀಸ್ ವರದಿ ಎಲ್ಲವೂ ಅವರಿಗೂ ಅನ್ವಯಿಸುತ್ತದೆ. ಮನೆಯಲ್ಲಿ ಆಸಕ್ತರು ಯಾರೂ ಇಲ್ಲದಿದ್ದರೆ ಕೋವಿಯನ್ನು ಪೊಲೀಸ್ ಠಾಣೆಗೋ ಪರವಾನಗಿ ಪಡೆದ ಕೋವಿ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿಟ್ಟು ಬರುವ ಅಭ್ಯಾಸ ನಮ್ಮ ರೈತರಿಗೆ ಇದ್ದೇ ಇದೆ.

2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಅರುವತ್ತೆಂಟರಲ್ಲಿ ನವೀಕರಿಸಿದರೆ ಮುಂದಿನ ಸರದಿ ಎಪ್ಪತ್ತಮೂರಕ್ಕೆ. ಆ ಐದು ವರ್ಷಗಳಲ್ಲಿ ದೇಹದಲ್ಲಿ ಎಷ್ಟೋ ಆಗಬಹುದು. ಕಚೇರಿ ಐದು ವರ್ಷಕ್ಕೊಮ್ಮೆ ಕೇಳುತ್ತದೆ, ನಾವು ನಮ್ಮನ್ನು ವರ್ಷಕ್ಕೊಮ್ಮೆ ಕೇಳಿಕೊಳ್ಳಬೇಕು. ಇನ್ನೊಂದು ಮಾತು ಗಡಿಯವರಿಗೇ ವಿಶೇಷ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ, 2029ರವರೆಗೆ ಮುಂದುವರಿಸಿತು. ಅದನ್ನು ನೋಡಿ ಘಟ್ಟದ ಕೆಳಗಿನ ನಾವು ನಮಗೂ ಹಾಗೇ ಎಂದುಕೊಳ್ಳಬಾರದು. ನಿಮ್ಮ ಪರವಾನಗಿ ಎಷ್ಟು ಪ್ರದೇಶಕ್ಕೆ ಸಿಂಧು ಎಂದು ಅದರಲ್ಲೇ ಬರೆದಿರುತ್ತದೆ. ರಾಜ್ಯದ ಗಡಿ ದಾಟಿ ಪಂದ್ಯಕ್ಕೆ ಕೋವಿ ಒಯ್ಯುವ ಮೊದಲು ಅದನ್ನು ಓದಿಕೊಳ್ಳಿ.

ಬಿಡುವ ದಿನಕ್ಕೆ ಕ್ರಮವಿಲ್ಲ ಎಂದು ಮೊದಲಲ್ಲಿ ಹೇಳಿದೆ. ಇಲ್ಲದ ಕ್ರಮವನ್ನು ನಾವು ಮಾಡಿಕೊಳ್ಳಬಹುದು. ಆಯುಧಪೂಜೆ ನಮ್ಮಲ್ಲಿ ಇದ್ದೇ ಇದೆ. ಆ ದಿನ ಕೋವಿಯನ್ನು ಕೊನೆಯ ಬಾರಿಗೆ ಒರೆಸಿ, ಎಣ್ಣೆ ಹಚ್ಚಿ, ಖಾಲಿ ಇದೆಯೆಂದು ಎರಡು ಸಲ ನೋಡಿ, ಮನೆಯವರೆಲ್ಲರ ಎದುರು ‘ಇಷ್ಟು ವರ್ಷ ಇದರಿಂದ ಯಾರಿಗೂ ಕೇಡಾಗಲಿಲ್ಲ. ಹಾಗೆಯೇ ಮುಗಿಸುತ್ತೇನೆ’ ಎಂದು ಹೇಳಿ ಇಡಿ. ಮರುದಿನ ಕಾಗದಪತ್ರಗಳೊಡನೆ ಕಚೇರಿಗೆ ಹೋಗಿ.

ಈ ಮಾತು ಕೇಳುತ್ತಿರುವವರಲ್ಲಿ ಕೋವಿ ಇರುವ ಹಿರಿಯರಿಗೆ ನನ್ನ ವಿನಂತಿ ಇಷ್ಟೇ. ನಾಳೆ ಬೆಳಿಗ್ಗೆ ಪರವಾನಗಿಯ ಪುಸ್ತಕ ತೆಗೆದು ಅವಧಿ ಮುಗಿಯುವ ತಾರೀಕು ನೋಡಿ. ಕಣ್ಣಿನ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿ. ನಿಮಗೆ ನಿಜ ಹೇಳಬಲ್ಲ ಆ ಒಬ್ಬ ಮನುಷ್ಯ ಯಾರೆಂದು ಯೋಚಿಸಿ, ಅವರ ಮನೆಗೆ ಒಮ್ಮೆ ಹೋಗಿ ಬನ್ನಿ.